ಚಿಕ್ಕಮ್ಮನ ಟೊಮೇಟೊಗೆ ಹಾಕಿದ ಗೊಬ್ಬರ

ಆ ದಿನಗಳಲ್ಲಿ ನಮ್ಮ ಮಿಡಿಗೇಶಿಯ ಮಕ್ಕಳಾದ ನಾವು ಗೊಬ್ಬರವನ್ನು ವಾಸನೆಯಿಂದಲೇ ಗುರುತು ಹಿಡಿಯುತ್ತಿದ್ದೆವು. ಈಗಿನ ಮಕ್ಕಳಿಗೆ ಹೇಳಿದರೆ ಮೂಗು ಮುಚ್ಚಿಕೊಂಡು ನಗುತ್ತಾರೆ. ಹೊಸ ಸಗಣಿಯ ವಾಸನೆ ಬೇರೆ, ವರ್ಷ ಕಳೆದ ತಿಪ್ಪೆಯನ್ನು ಗುದ್ದಲಿಯಿಂದ ಕೆದಕಿದಾಗ ಬರುವ ತಣ್ಣನೆಯ ಮಣ್ಣಿನ ವಾಸನೆ ಬೇರೆ. ಕುರಿಮಂದೆ ತಂಗಿ ಹೋದ ಹೊಲದ ಘಾಟಂತೂ ರಸ್ತೆಯವರೆಗೂ ಬರುತ್ತಿತ್ತು. ಕಣ್ಣಾಮುಚ್ಚಾಲೆ ಆಡುವಾಗ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡವರು ತಾವು ಯಾರ ಮನೆಯ ಹಿತ್ತಲಿಗೆ ಬಂದಿದ್ದೇವೆಂದು ಗಾಳಿ ಮೂಸಿಯೇ ಹೇಳುತ್ತಿದ್ದರು. ನಮ್ಮ ಮನೆಯ ಹಿತ್ತಲಿಗೆ ಹಳೆಯ ತಿಪ್ಪೆ, ಒಲೆಯ ಬೂದಿ, ಬಚ್ಚಲ ನೀರು ಮೂರೂ ಸೇರಿದ ಒಂದು ವಾಸನೆ ಇತ್ತು. ಅದು ಅಜ್ಜಿಯ ವಾಸನೆ ಎಂದೇ ನಾನು ಬಹಳ ಕಾಲ ತಿಳಿದಿದ್ದೆ.

ಹಿತ್ತಲು ಅಜ್ಜಿಯ ರಾಜ್ಯ. ಅಪ್ಪ ಊರಿನ ಶಾಲೆಯಲ್ಲಿ ಮೇಷ್ಟರು, ಅಮ್ಮನಿಗೆ ಅಡಿಗೆಮನೆ ಮತ್ತು ನನ್ನ ಪುಟ್ಟ ತಮ್ಮ. ಹಿತ್ತಲಿನಲ್ಲಿ ಏನು ನೆಡಬೇಕು, ಯಾವುದಕ್ಕೆ ಏನು ಹಾಕಬೇಕು ಎಂಬುದರಲ್ಲಿ ಅವರಿಬ್ಬರೂ ಬಾಯಿ ಹಾಕುತ್ತಿರಲಿಲ್ಲ. ಬಾಯಿ ಹಾಕುತ್ತಿದ್ದವನು ಒಬ್ಬನೇ, ನಮ್ಮ ರಂಗ ಚಿಕ್ಕಪ್ಪ. ಅವನು ಮಧುಗಿರಿಯಲ್ಲಿ ಗೊಬ್ಬರದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದ. ಚೀಲದ ಗೊಬ್ಬರದ ಮೇಲೆ ಅವನಿಗೆ ದೇವರ ಮೇಲಿನಷ್ಟೇ ನಂಬಿಕೆ. "ಅವ್ವ, ನೀನು ಮಂಕರಿ ಮಂಕರಿ ತಿಪ್ಪೆ ಹೊತ್ತು ಹಾಕೋ ಕೆಲ್ಸಾನ ಒಂದು ಹಿಡಿ ಯೂರಿಯಾ ಮಾಡ್ತೈತೆ" ಎನ್ನುತ್ತಿದ್ದ. ಅಜ್ಜಿ ತಲೆ ಎತ್ತದೆ, "ಮಾಡ್ತೈತೆ ಬುಡು. ಒಂದು ಹಿಡಿ ಸಕ್ಕರೆ ತಿಂದ್ರೂ ಹೊಟ್ಟೆ ತುಂಬ್ತೈತಾ?" ಎನ್ನುತ್ತಿದ್ದಳು. ಅಲ್ಲಿಗೆ ಆ ಮಾತು ಮುಗಿಯುತ್ತಿತ್ತು.

ಆ ವರ್ಷ ಬೇಸಿಗೆಯಲ್ಲಿ ಚಿಕ್ಕಪ್ಪನಿಗೆ ಮದುವೆಯಾಯಿತು. ಹೆಣ್ಣು ಪಾವಗಡ ತಾಲ್ಲೂಕಿನ ನಿಡುಗಲ್ ಕಡೆಯವಳು, ಹೆಸರು ನಾಗಮಣಿ. ಅವಳ ತವರಿನಲ್ಲಿ ಮನೆಮಾತು ತೆಲುಗು. ಕನ್ನಡ ಬರುತ್ತಿತ್ತು, ಆದರೆ ಪ್ರತಿ ಮಾತಿನಲ್ಲೂ ಒಂದೆರಡು ತೆಲುಗಿನ ಪದ ನುಸುಳಿಬಿಡುತ್ತಿತ್ತು. ಅವರ ಕಡೆ ಹೆಣ್ಣುಮಕ್ಕಳನ್ನು ಕರೆಯುವಂತೆ ನನ್ನನ್ನು "ಪಾಪಾ" ಎಂದು ಕರೆಯುತ್ತಿದ್ದಳು, ಅಜ್ಜಿಯನ್ನು "ಅತ್ತಮ್ಮ" ಎನ್ನುತ್ತಿದ್ದಳು. ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಹಿತ್ತಲಿನ ಬದನೆ ಗಿಡಗಳನ್ನು ನೋಡಿ, ಏನಾದರೂ ಮಾತಾಡಬೇಕಲ್ಲ ಎಂದು ಇರಬೇಕು, "ಅತ್ತಮ್ಮ, ಇದಕ್ಕೆ ಎರುವು ಹಾಕ್ಬೇಕು" ಎಂದಳು.

ಅಜ್ಜಿ ಸೊಂಟದ ಮೇಲೆ ಕೈಯಿಟ್ಟು, "ಇರುವೆನಾ? ಗಿಡಕ್ಕೆ ಇರುವೆ ಯಾಕವ್ವ ಹಾಕ್ತೀಯ? ನಮ್ಮ ಹಿತ್ಲಾಗೆ ಇರೋ ಇರುವೆ ಸಾಲ್ದಾ?" ಎಂದಳು.

ತೆಲುಗಿನಲ್ಲಿ ಎರುವು ಎಂದರೆ ಗೊಬ್ಬರ. ಅದು ಚಿಕ್ಕಪ್ಪನಿಗೆ ಗೊತ್ತಿತ್ತು, ಅವನೂ ನಕ್ಕ. ಅಪ್ಪ ನಕ್ಕರು, ಅಮ್ಮ ನಕ್ಕಳು. ಎಲ್ಲರೂ ನಗುತ್ತಾರೆಂದು ನಾನೂ ನಕ್ಕೆ. ಚಿಕ್ಕಮ್ಮನೂ ನಕ್ಕಂತೆ ಮಾಡಿ ಒಳಗೆ ಹೋದಳು. ಆವತ್ತಿನಿಂದ ಅವಳ ಮಾತು ಕಡಿಮೆಯಾಯಿತು. ಕೇಳಿದ್ದಕ್ಕೆ ಹೂಂ, ಇಲ್ಲ, ಅಷ್ಟೇ. ಯಾರೂ ಅವಳಿಗೆ ಕೆಟ್ಟದ್ದು ಮಾಡಲಿಲ್ಲ, ಒಂದು ಗಡುಸು ಮಾತು ಆಡಲಿಲ್ಲ. ಆದರೂ ಅವಳು ನಮ್ಮ ಮನೆಯಲ್ಲಿ ನೆಂಟರ ಹಾಗೆ ಗೋಡೆ ಒತ್ತಿಕೊಂಡು ಓಡಾಡುತ್ತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ತಾಯಿ ತೀರಿಹೋದರು. ಜ್ವರ ಬಂದು ಮಲಗಿದವರು ಏಳಲೇ ಇಲ್ಲ. ಚಿಕ್ಕಮ್ಮ ತವರಿಗೆ ಹೋಗಿ, ಕಾರ್ಯವೆಲ್ಲ ಮುಗಿಸಿಕೊಂಡು ಬಂದಳು. ಬಂದ ಮೇಲೆ ಮೊದಲಿಗಿಂತಲೂ ಮೌನ. ನಾನು ಅವಳ ಪಕ್ಕ ಕುಳಿತು ಅಚ್ಚಿನಕಲ್ಲು ಆಡುವಾಗ ಒಂದು ಮಧ್ಯಾಹ್ನ ಅವಳು ತನ್ನ ಟ್ರಂಕು ತೆಗೆದು, ಬಟ್ಟೆಗಳ ಅಡಿಯಿಂದ ಒಂದು ಚಿಕ್ಕ ಗಂಟು ತೆಗೆದಳು. ಹಳೆಯ ಸೀರೆಯ ತುಂಡು. ಅದಕ್ಕೆ ಚಪ್ಪಟೆಯಾದ ಬೀಜಗಳು ಅಂಟಿಕೊಂಡು ಒಣಗಿದ್ದವು.

"ಟಮಾಟ ಬಿತ್ತನ ಪಾಪಾ" ಎಂದಳು. "ನಮ್ಮಮ್ಮ ಹೋದ ವರ್ಷದ ಹಣ್ಣಿಂದು ತೆಗೆದು ಇಟ್ಟಿದ್ರು. ಇದು ಅಂಗಡೀಲಿ ಸಿಗಲ್ಲ. ಯಾರಿಗೂ ಹೇಳ್ಬೇಡ, ಮೊದ್ಲು ಹುಟ್ಲಿ."

ದೀಪಾವಳಿ ಕಳೆದು, ಹೊಲದಿಂದ ಕಡಲೆಕಾಯಿ ಮನೆಗೆ ಬಂದ ಮೇಲೆ ಅವಳು ಒಡೆದ ಮಡಕೆಯೊಂದರಲ್ಲಿ ಮಣ್ಣು ತುಂಬಿ ಬೀಜ ಚೆಲ್ಲಿದಳು. ಮೊಳಕೆ ಬಂದವು. ಅಜ್ಜಿಯನ್ನು ಕೇಳಿ, ಬಚ್ಚಲ ಆಚೆಯ ಒಂದು ಮೂಲೆಯನ್ನು ಪಡೆದು, ಅಲ್ಲಿ ಸಾಲಾಗಿ ನೆಟ್ಟಳು. ಅಜ್ಜಿ ಹಳೆಯ ತಿಪ್ಪೆಯ ಗೊಬ್ಬರವನ್ನು ತಾನೇ ಜರಡಿ ಹಿಡಿದು ಕೊಟ್ಟಳು. ಬೀಜ ಎಲ್ಲಿಯದು ಎಂದು ಕೇಳಲಿಲ್ಲ. ಕೇಳಿದ್ದರೂ ಚಿಕ್ಕಮ್ಮ ಹೇಳುತ್ತಿದ್ದಳೋ ಇಲ್ಲವೋ.

ಶಾಲೆಯಿಂದ ಬಂದೊಡನೆ ಪಾಟೀಚೀಲ ಎಸೆದು ನಾನು ಆ ಮೂಲೆಗೇ ಓಡುತ್ತಿದ್ದೆ. ಟೊಮೇಟೊ ಗಿಡದ ಎಲೆಯನ್ನು ಬೆರಳಲ್ಲಿ ಉಜ್ಜಿದರೆ ಒಂದು ಕಟುವಾದ ಹಸಿರು ವಾಸನೆ ಬರುತ್ತದೆ, ಕೈ ತೊಳೆದರೂ ಹೋಗುವುದಿಲ್ಲ. ಆ ಚಳಿಗಾಲವೆಲ್ಲ ನನ್ನ ಕೈಯಲ್ಲಿ ಅದೇ ವಾಸನೆ, ಮೇಲೆ ಸೊಗಡಿನ ಅವರೆಕಾಯಿಯ ವಾಸನೆ. ಗಿಡಗಳು ಚಿಕ್ಕಮ್ಮನ ಮೊಣಕಾಲಿಗೆ ಬಂದವು. ಅವಳು ಕಡ್ಡಿ ನೆಟ್ಟು ಬಾಳೆಯ ನಾರಿನಲ್ಲಿ ಕಟ್ಟಿದಳು. ಗಿಡಗಳೊಂದಿಗೆ ತೆಲುಗಿನಲ್ಲಿ ಏನೋ ಗುಣುಗುಣು ಮಾತಾಡುತ್ತಿದ್ದಳು. ಮನೆಯಲ್ಲಿ ಆಡದ ಮಾತೆಲ್ಲ ಅಲ್ಲಿ ಆಡುತ್ತಿದ್ದಳೆಂದು ಕಾಣುತ್ತದೆ.

ಅದನ್ನು ಚಿಕ್ಕಪ್ಪನೂ ಗಮನಿಸಿದ್ದ. ಪಾಪ, ಅವನಿಗೆ ಹೆಂಡತಿಯನ್ನು ಹೇಗಾದರೂ ಸಂತೋಷಪಡಿಸಬೇಕೆಂಬ ಆಸೆ. ಬೇರೆ ಗಂಡಂದಿರಾದರೆ ಮಧುಗಿರಿಯಿಂದ ಬರುವಾಗ ಮಲ್ಲಿಗೆ ಹೂವೋ, ಮೈಸೂರುಪಾಕೋ ತರುತ್ತಿದ್ದರು. ನಮ್ಮ ಚಿಕ್ಕಪ್ಪ ಯೂರಿಯಾ ತಂದ.

ತಂದವನು ಯಾರಿಗೂ ಹೇಳಲಿಲ್ಲ. ಗಿಡಗಳು ಒಂದೇ ವಾರದಲ್ಲಿ ಕಪ್ಪು ಹಸಿರಾಗಿ ತೊನೆದಾಡಬೇಕು, ಅವಳು ಆಶ್ಚರ್ಯದಿಂದ ನೋಡಬೇಕು, ಆಗ ತಾನು ಹೇಳಬೇಕು, ಇದು ಅವನ ಲೆಕ್ಕಾಚಾರ. ಬೆಳಿಗ್ಗೆ ಬಸ್ಸಿಗೆ ಹೊರಡುವ ಮುಂಚೆ, ಹೆಂಗಸರೆಲ್ಲ ಒಳಗಿರುವಾಗ, ಪ್ರತಿ ಗಿಡದ ಬುಡಕ್ಕೂ ಹಿಡಿ ಹಿಡಿ ಸುರಿದು, ಮೇಲೆ ಮಣ್ಣು ಎಳೆದು, ಕೈ ತೊಳೆದುಕೊಂಡು ಹೋಗಿಬಿಟ್ಟ. ಅದೇ ಬೆಳಿಗ್ಗೆ, ಅವನು ಹೋದ ಮೇಲೆ, ಅಜ್ಜಿ ಒಲೆಯಿಂದ ಬೂದಿ ಬಳಿದು ತಂದು ಅದೇ ಗಿಡಗಳ ಸುತ್ತ ಉದುರಿಸಿದಳು. ಹೂ ಕಟ್ಟುವ ಮುಂಚೆ ಸ್ವಲ್ಪ ಬೂದಿ ಹಾಕುವುದು ಅವಳ ಪದ್ಧತಿ.

ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಎಲೆಗಳ ಅಂಚು ಕಂದಾಗಿ ಸುರುಳಿ ಸುತ್ತಿಕೊಂಡವು. ಮಾರನೆಯ ದಿನ ಭಾನುವಾರ. ನಾನು ಎದ್ದು ಹಿತ್ತಲಿಗೆ ಹೋದಾಗ ಚಿಕ್ಕಮ್ಮ ಗಿಡಗಳ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದಳು. ಗಿಡಗಳು ಬೆಂಕಿಯ ಝಳ ತಾಗಿದಂತೆ ಬಾಡಿ ನಿಂತಿದ್ದವು. ಅವಳು ಅಳಲಿಲ್ಲ. ಒಂದೊಂದೇ ಎಲೆಯನ್ನು ಬಿಡಿಸಿ ನೋಡಿ, ಬಿಟ್ಟುಬಿಡುತ್ತಿದ್ದಳು.

ಅಜ್ಜಿ ಬಾಗಿಲಲ್ಲೇ ನಿಂತಳು. ಅವಳ ಮುಖ ಬಿಳಿಚಿಕೊಂಡದ್ದನ್ನು ನಾನು ಮೊದಲ ಸಲ ನೋಡಿದ್ದು ಆವತ್ತು. "ಬೂದಿಲಿ ಕೆಂಡ ಇತ್ತೇನೋ ಕಣೆ" ಎಂದು ಮೆಲ್ಲಗೆ ಅಮ್ಮನಿಗೆ ಹೇಳಿದಳು. "ಆರೈತೆ ಅಂತ ನೋಡೇ ಹಾಕ್ದೆ. ವಯಸ್ಸಾತು, ಕಣ್ಣು ಕಾಣಿಸ್ಲಿಲ್ಲ ಅನ್ಸುತ್ತೆ." ಇಡೀ ಓಣಿಯ ಹೆಂಗಸರು ಗಿಡದ ವಿಷಯಕ್ಕೆ ಅವಳನ್ನೇ ಕೇಳಲು ಬರುತ್ತಿದ್ದರು. ಅಂಥವಳು ಸೊಸೆಯ ಹತ್ತಿರ ಹೋಗಲಾರದೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

ನಾನು ಗಿಡದ ಬುಡದ ಮಣ್ಣನ್ನು ಕಡ್ಡಿಯಿಂದ ಕೆದಕುತ್ತಿದ್ದೆ. ಒಳಗೆ ಇನ್ನೂ ಕರಗದೆ ಉಳಿದ ಬಿಳಿ ಬಿಳಿ ಕಾಳು ಕಂಡವು.

"ಅಜ್ಜಿ, ಇಲ್ಲಿ ಸಬ್ಬಕ್ಕಿ ಐತೆ" ಎಂದೆ.

ಅಜ್ಜಿ ಬಂದಳು. ಕಾಳುಗಳನ್ನು ಒದ್ದೆ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದಳು. ಯೂರಿಯಾ ನೀರಿಗೆ ಕರಗುವಾಗ ಕೈ ತಣ್ಣಗಾಗುತ್ತದೆ. ಅಜ್ಜಿ ಮುಷ್ಟಿ ಬಿಚ್ಚಿ ನೋಡಿ, ದೊಡ್ಡದೊಂದು ಉಸಿರು ಬಿಟ್ಟಳು. ಅದರಲ್ಲಿ ಸಿಟ್ಟು ಎಷ್ಟಿತ್ತೋ, ತಾನಲ್ಲ ಎಂಬ ಸಮಾಧಾನವೂ ಅಷ್ಟೇ ಇತ್ತು.

"ನಿನ್ನ ಗಂಡಂದು ಕೆಲ್ಸ ಕಣವ್ವ ಇದು" ಎಂದಳು. "ಏಳು. ಕೂತ್ಕಂಡು ನೋಡಿದ್ರೆ ಗಿಡ ಬದ್ಕಲ್ಲ. ಕಾಳೆಲ್ಲ ಆರಿಸಿ ತೆಗಿ. ಆಮೇಲೆ ನೀರು. ಬುಡದಾಗಿರೋ ಉಪ್ಪೆಲ್ಲ ತೊಳ್ದು ಆಳಕ್ಕೆ ಇಳೀಬೇಕು. ಅಷ್ಟು ನೀರು."

ಅಷ್ಟು ನೀರು ಎನ್ನುವುದು ನಮ್ಮ ಕಡೆ ಸುಲಭದ ಮಾತಲ್ಲ. ನಲ್ಲಿಯಲ್ಲಿ ಆವತ್ತು ನೀರಿರಲಿಲ್ಲ. ಬೀದಿಯ ಕೊನೆಯ ಬೋರಿಂಗಿನಲ್ಲಿ ಕೈಯಲ್ಲಿ ಒತ್ತಿ ತರಬೇಕು. ಅಜ್ಜಿ ಸೆರಗು ಸಿಕ್ಕಿಸಿ ಕೊಡ ಎತ್ತಿದಳು. ಚಿಕ್ಕಮ್ಮ ಎರಡು ಕೊಡ ತೆಗೆದುಕೊಂಡಳು. ಅಮ್ಮ ಒಲೆಯ ಮೇಲಿನ ಸಾರನ್ನು ಇಳಿಸಿ ಬಂದಳು. ನಾನು ತಂಬಿಗೆ ಹಿಡಿದು ಹಿಂದೆ. ಒತ್ತುವ ಹಿಡಿ ಕಿರ್ರೋ ಕಿರ್ರೋ ಎಂದು ಕೂಗುತ್ತಿತ್ತು. ಸಾಲಿನಲ್ಲಿದ್ದ ಹೆಂಗಸರು, "ಏನ್ರಮ್ಮ, ಮನೇಲಿ ಏನು ವಿಶೇಷ?" ಎಂದು ಕೇಳಿದರೆ ಅಜ್ಜಿ, "ಗಿಡಕ್ಕೆ ಜ್ವರ ಬಂದೈತೆ" ಎಂದಳು.

ಆವತ್ತು ಅಂಗಡಿಗೆ ಹೊಸ ಮಾಲು ಬರುತ್ತದೆಂದು ಭಾನುವಾರವೂ ಕೆಲಸಕ್ಕೆ ಹೋಗಿದ್ದ ಚಿಕ್ಕಪ್ಪ ಮಧ್ಯಾಹ್ನಕ್ಕೇ ಬಸ್ಸಿಳಿದು ಬಂದ. ಹಿತ್ತಲಿಗೆ ಕಾಲಿಟ್ಟವನು ಗಿಡ ನೋಡಿದ, ನೆನೆದ ಸೀರೆಯಲ್ಲಿ ನಿಂತಿದ್ದ ತಾಯಿಯನ್ನೂ ಹೆಂಡತಿಯನ್ನೂ ನೋಡಿದ. ಹೇಳಬೇಕಾಗಿಯೇ ಇರಲಿಲ್ಲ, ಅವನಿಗೆ ತಿಳಿಯಿತು.

"ಚೆನ್ನಾಗಿ ಬರ್ಲಿ ಅಂತ..." ಎಂದು ಶುರುಮಾಡಿದ.

ಆಗ ಚಿಕ್ಕಮ್ಮ ಬಾಯಿ ತೆರೆದಳು. ಮದುವೆಯಾಗಿ ಬಂದ ಮೇಲೆ ಅವಳ ಪೂರ್ತಿ ದನಿಯನ್ನು ನಾವು ಕೇಳಿದ್ದು ಅದೇ ಮೊದಲು. ಅಪ್ಪಟ ತೆಲುಗು. ಏರಿ, ಇಳಿದು, ಮತ್ತೆ ಏರಿ, ಕಡಲೆಕಾಯಿ ಹುರಿದಂತೆ ಪಟಪಟನೆ ಸಿಡಿಯಿತು. ಚಿಕ್ಕಪ್ಪ ಟಿಫನ್ ಡಬ್ಬಿಯನ್ನು ಎದೆಗೆ ಹಿಡಿದುಕೊಂಡು ನಿಂತೇ ಇದ್ದ. ಅಜ್ಜಿ ಕೊಡ ಕೆಳಗಿಟ್ಟು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಆಟ ನೋಡುವವಳಂತೆ ಕುಳಿತುಬಿಟ್ಟಳು.

"ಬಯ್ಯಿ ಕಣವ್ವ" ಎಂದಳು. "ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಈ ಬಾಯ?"

ಚಿಕ್ಕಮ್ಮನ ದನಿ ಒಮ್ಮೆಗೇ ಒಡೆಯಿತು. "ನನ್ನೊಕ ಮಾಟ ಅಡಗಕೂಡದಾ? ಮಾ ಅಮ್ಮ ಎತ್ತಿಪೆಟ್ಟಿನ ವಿತ್ತನಾಲು ಅವಿ" ಎಂದು ನೆಲಕ್ಕೆ ಕುಸಿದು ಅಳತೊಡಗಿದಳು. ನನ್ನನ್ನೊಂದು ಮಾತು ಕೇಳಬಾರದಿತ್ತೆ, ಅವು ನಮ್ಮಮ್ಮ ಎತ್ತಿಟ್ಟ ಬೀಜ. ಅಷ್ಟು ತೆಲುಗು ನಮ್ಮೂರಲ್ಲಿ ಎಲ್ಲರಿಗೂ ತಿಳಿಯುತ್ತಿತ್ತು.

ಅಜ್ಜಿಯ ಮುಖದ ನಗು ಹೋಯಿತು. ಎದ್ದು ಬಂದು ಅವಳ ಪಕ್ಕದಲ್ಲಿ, ಆ ಕೆಸರಿನಲ್ಲೇ ಕುಳಿತಳು.

"ನಂಗೊಂದು ಮಾತು ಹೇಳ್ಬಾರ್ದಿತ್ತೇನವ್ವ?"

"ನಾನು ಬಾಯಿ ಬಿಟ್ರೆ ನಗ್ತೀರಲ್ಲ ಅತ್ತಮ್ಮ."

ಅಜ್ಜಿ ತನ್ನ ಸೆರಗಿನ ನೀರು ಹಿಂಡಿದಳು. ಆಮೇಲೆ, "ಎರುವು ಅಂದ್ರೆ ಗೊಬ್ಬರ ಅಂತ ಆವತ್ತೇ ಗೊತ್ತಿತ್ತು ಕಣವ್ವ ನಂಗೆ. ಸುಮ್ನೆ ತಮಾಷೆಗೆ ಅಂದೆ. ಹೊಸ ಹುಡುಗಿ, ನಗ್ಲಿ ಅಂತ. ನೀನು ನಗ್ನಿಲ್ಲ, ನಾವೇ ನಕ್ಕೊಂಡ್ವಿ" ಎಂದು ತನ್ನ ಒದ್ದೆ ಸೆರಗಿನಿಂದಲೇ ಅವಳ ಮುಖ ಒರೆಸಿದಳು. ಮುಖಕ್ಕೆಲ್ಲ ಕೆಸರು ಬಳಿಯಿತು. ಆಮೇಲೆ ಮಗನ ಕಡೆ ತಿರುಗಿ, "ನಿಂತ್ಕಂಡು ಏನ್ಲಾ ನೋಡ್ತಿದ್ದೀಯ? ಕೊಡ ಎತ್ಕ" ಎಂದಳು.

ಆಗ ಗಂಡಸರು ನೀರು ಹೊರುತ್ತಿರಲಿಲ್ಲ. ಚಿಕ್ಕಪ್ಪ ಪ್ಯಾಂಟು ಮಡಚಿ, ಹೆಗಲ ಮೇಲೆ ಕೊಡ ಹೊತ್ತು, ಬೋರಿಂಗಿನಿಂದ ಮನೆಗೆ, ಮನೆಯಿಂದ ಬೋರಿಂಗಿಗೆ ಸಂಜೆಯವರೆಗೂ ಓಡಾಡಿದ. ಬೀದಿಯವರು ನಕ್ಕರು. ಅವನು ಮಾತ್ರ ಯಾರ ಮುಖವನ್ನೂ ನೋಡಲಿಲ್ಲ.

ಅರ್ಧದಷ್ಟು ಗಿಡಗಳು ಉಳಿಯಲಿಲ್ಲ. ಉಳಿದವುಗಳ ಸುಟ್ಟ ಎಲೆಗಳನ್ನು ಚಿಕ್ಕಮ್ಮ ಚಿವುಟಿ ತೆಗೆದಳು. ಬೇಗ ಚೇತರಿಸಿಕೊಳ್ಳಲೆಂದು ಅವಳು ಏನಾದರೂ ಹಾಕೋಣವೆಂದರೆ ಅಜ್ಜಿ ಬಿಡಲಿಲ್ಲ. "ಜ್ವರ ಬಿಟ್ಟೋರಿಗೆ ಹೋಳಿಗೆ ಇಕ್ತಾರಾ? ಬೇರು ಸುಟ್ಟೈತೆ. ಹೊಸ ಚಿಗುರು ಕಾಣೋಗಂಟ ಬರೀ ನೀರು, ಅದೂ ಕಮ್ಮಿ." ದಿನಾ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಗಿಡಗಳ ಮುಂದೆ ಬಗ್ಗಿ ನಿಲ್ಲುತ್ತಿದ್ದರು. ಒಂದು ದಿನ ನೆತ್ತಿಯಲ್ಲಿ ಉಗುರಿನಷ್ಟು ಹಸಿರು ಕಂಡಿತು. ಅಜ್ಜಿ, "ಈಗ ಹೇಳವ್ವ, ನಿಮ್ಮಮ್ಮ ಏನು ಹಾಕ್ತಿದ್ರು?" ಎಂದಳು.

ಗಿಡದ ವಿಷಯಕ್ಕೆ ಅತ್ತೆ ಸೊಸೆಯನ್ನು ಕೇಳಿದ ಮೊದಲ ಪ್ರಶ್ನೆ ಅದು ಎಂದು ನನ್ನ ನೆನಪು. ಚಿಕ್ಕಮ್ಮನ ತಾಯಿ ಕಡಲೆಕಾಯಿ ಹಿಂಡಿಯನ್ನು ಮಡಕೆಯಲ್ಲಿ ನೆನೆಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಕೊಳೆಸಿ, ಆ ನೀರನ್ನು ಹೂ ಬರುವ ಕಾಲಕ್ಕೆ ಹಾಕುತ್ತಿದ್ದರಂತೆ. ಚಿಕ್ಕಪ್ಪ ಯಾರೂ ಕೇಳದೆಯೇ ಮಧುಗಿರಿಯ ಎಣ್ಣೆ ಗಾಣದಿಂದ ಹಿಂಡಿ ತಂದ. ಮಡಕೆಯನ್ನು ಹಿತ್ತಲ ಬಿಸಿಲಿಗಿಟ್ಟರು. ಆ ವಾಸನೆಯನ್ನು ಹೇಗೆ ಬರೆಯಲಿ. ಮೊದಲ ದಿನ ಹುಳಿ ಹಿಟ್ಟಿನ ಹಾಗಿತ್ತು. ಆಮೇಲೆ ಬಂದದ್ದಕ್ಕೆ ಹೋಲಿಕೆಯೇ ಇಲ್ಲ. ಅಮ್ಮ ಅಡಿಗೆಮನೆಯ ಹಿಂಬಾಗಿಲು ಹಾಕಿದಳು. ಅಪ್ಪ ಊದುಬತ್ತಿ ಹಚ್ಚಿಕೊಂಡು ಶಾಲೆಯ ಕಾಪಿ ತಿದ್ದಿದರು. ಚಿಕ್ಕಮ್ಮನಿಗೆ ಮಾತ್ರ ಆ ವಾಸನೆ ಬಂದಾಗಲೆಲ್ಲ ಮುಖ ಅರಳುತ್ತಿತ್ತು. ಅವಳ ತವರಿನ ಹಿತ್ತಲು ಹಾಗೇ ನಾರುತ್ತಿತ್ತಂತೆ.

ಎಷ್ಟು ನೀರು ಬೆರೆಸಬೇಕು ಎಂಬುದರ ಮೇಲೆ ಇಬ್ಬರಿಗೂ ಜಗಳ. "ಚಾಯ್ ಬಣ್ಣ ಬರ್ಬೇಕು ಅತ್ತಮ್ಮ" ಎಂದು ಇವಳು. "ಸುಟ್ಟ ಬೇರು ಕಣೇ, ನಿಮ್ಮ ಚಾಯ್ ತಡಿಯಲ್ಲ. ಇನ್ನೂ ತೆಳ್ಳಗೆ ಮಾಡು" ಎಂದು ಅವಳು. ಕೊನೆಗೆ ಅಜ್ಜಿ ಎಲೆ ಮಗುಚಿ ನೋಡಿ, ಇವತ್ತು ಬೇಡ, ನಾಳೆ ಹಾಕು ಎನ್ನುವಳು. ಚಿಕ್ಕಮ್ಮ ಬೆರೆಸುವಳು. ಬುಡಕ್ಕೆ ತಾಗದಂತೆ ಸುತ್ತ ಗುಂಡಿ ಮಾಡಿ ಹುಯ್ಯುವ ಕೆಲಸ ಚಿಕ್ಕಪ್ಪನದು. ಯೂರಿಯಾ ಎಂಬ ಶಬ್ದ ಆ ಮನೆಯಲ್ಲಿ ಬಹಳ ದಿನ ಅವನನ್ನು ಕರೆಯುವ ಹೆಸರಾಗಿತ್ತು.

ಶಿವರಾತ್ರಿಯ ಹೊತ್ತಿಗೆ ಹಣ್ಣು ಬಂದವು. ಈಗಿನಂತೆ ನುಣುಪಾದ ಹಣ್ಣಲ್ಲ. ಚಪ್ಪಟೆ, ಮೈಯೆಲ್ಲ ಮಡಿಕೆ, ತೊಟ್ಟಿನ ಹತ್ತಿರ ಹಳದಿ. ಕಚ್ಚಿದರೆ ಕಣ್ಣು ಮುಚ್ಚುವಷ್ಟು ಹುಳಿ, ಆಮೇಲೆ ಮೆಲ್ಲಗೆ ಒಂದು ಸಿಹಿ. ಮೊದಲ ಹಣ್ಣುಗಳಲ್ಲಿ ಚಿಕ್ಕಮ್ಮ ಊರುಬಿಂಡಿ ಮಾಡಿದಳು. ಹುರಿದ ಕಡಲೆಕಾಯಿ ಬೀಜ, ಒಣಮೆಣಸಿನಕಾಯಿ, ಬೆಳ್ಳುಳ್ಳಿಯ ಜೊತೆ ಬಾಡಿಸಿದ ಟೊಮೇಟೊವನ್ನು ಒರಳಿನಲ್ಲಿ ತರಿತರಿಯಾಗಿ ಕುಟ್ಟಿದ್ದು. ಬಿಸಿ ಮುದ್ದೆಗೆ ಅದನ್ನು ನೆಂಚಿಕೊಂಡು ತಿಂದ ಅಜ್ಜಿ ಇನ್ನೊಂದು ಅರ್ಧ ಮುದ್ದೆ ಹಾಕಿಸಿಕೊಂಡಳು. ಚೆನ್ನಾಗಿದೆ ಎಂದು ಅವಳು ಯಾವತ್ತೂ ಬಾಯಲ್ಲಿ ಹೇಳುವವಳಲ್ಲ.

ಆ ವಾರವೇ ಚಿಕ್ಕಮ್ಮನ ತಂದೆ ಮಗಳನ್ನು ನೋಡಲು ಬಂದರು. ಹೆಂಡತಿ ಹೋದ ಮೇಲೆ ತೀರಾ ಇಳಿದುಹೋಗಿದ್ದರು. ಊಟಕ್ಕೆ ಕುಳಿತವರು ಊರುಬಿಂಡಿಯ ಒಂದು ತುತ್ತು ಬಾಯಿಗಿಟ್ಟು, ಕೈ ಅಲ್ಲೇ ನಿಲ್ಲಿಸಿದರು.

"ಎಲ್ಲಿಂದಮ್ಮ ಈ ಟಮಾಟ?"

ಚಿಕ್ಕಮ್ಮ ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಅವರು ಗಿಡಗಳ ನಡುವೆ ಬಹಳ ಹೊತ್ತು ನಿಂತರು. ಒಂದು ಹಣ್ಣನ್ನು ಕೀಳದೆ ಸುಮ್ಮನೆ ಅಂಗೈಯಲ್ಲಿಟ್ಟು ತೂಗಿದರು. "ಅಲ್ಲಿ ಎಲ್ಲಾ ಒಣಗೋಯ್ತಮ್ಮ. ನೀರು ಹಾಕೋರಿಲ್ಲ. ಬಿತ್ತನವೂ ಇಲ್ಲ. ಪೂರ್ತಿ ಹೋಯ್ತು ಅಂದ್ಕೊಂಡಿದ್ದೆ" ಎಂದರು.

ಅವರು ಹೊರಡುವಾಗ ಅಜ್ಜಿ, ಗಿಡದಲ್ಲೇ ಚೆನ್ನಾಗಿ ಹಣ್ಣಾಗಲೆಂದು ಕೆಂಪು ದಾರ ಕಟ್ಟಿ ಬಿಟ್ಟಿದ್ದ ಬೀಜದ ಹಣ್ಣುಗಳನ್ನು ಕಿತ್ತು ಅವರ ಚೀಲಕ್ಕೆ ಹಾಕಿದಳು. ಹಳೆಯ ತಿಪ್ಪೆಯ ಗೊಬ್ಬರವನ್ನೂ ಒಂದು ಗಂಟು ಕಟ್ಟಿ ಕೊಟ್ಟಳು. "ಬೀಗ್ರೇ, ಮೊದ್ಲು ಇದನ್ನ ಮಣ್ಣಿಗೆ ಬೆರಸಿ. ಹಿಂಡಿ ನೀರು ಹೂ ಬಂದ್ಮೇಲೆ. ನಿಮ್ಮಳಿಯ ಏನಾದ್ರೂ ತಂದ್ಕೊಟ್ರೆ ಇಸ್ಕೊಳ್ಳಿ, ಗಿಡಕ್ಕೆ ಮಾತ್ರ ಹಾಕ್ಬೇಡಿ" ಎಂದಳು. ಅವರು ನಕ್ಕರು. ಚಿಕ್ಕಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು.

ಇದೆಲ್ಲ ಆಗಿ ಎಷ್ಟೋ ವರ್ಷಗಳಾದವು. ಈಗ ನಾನೂ ಅಪ್ಪನಂತೆ ಮಧುಗಿರಿಯ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೇನೆ. ತಾರಸಿಯ ಮೇಲೆ ಚೀಲಗಳಲ್ಲಿ ಟೊಮೇಟೊ ಬೆಳೆಯುತ್ತೇನೆ. ಅಂಗಡಿಯಲ್ಲಿ ಕೇಳಿದರೆ ಬೆಳೆಯಲು ಒಂದು, ಹೂವಿಗೆ ಒಂದು, ಕಾಯಿಗೆ ಒಂದು ಎಂದು ಬಣ್ಣಬಣ್ಣದ ಪೊಟ್ಟಣ ಕೊಡುತ್ತಾರೆ. ಹಿಂದೆ ಅಳತೆ ಬರೆದಿರುತ್ತದೆ, ಹಾಗೇ ಹಾಕುತ್ತೇನೆ, ಹಣ್ಣೂ ಬರುತ್ತವೆ. ಅದರ ಮೇಲೆ ದೂರಿಲ್ಲ. ಮಿಡಿಗೇಶಿಯ ಹಿತ್ತಲಿಗೆ ಈಗ ಸಿಮೆಂಟು ಹಾಕಿದೆ, ದನಗಳಿಲ್ಲ, ಆದ್ದರಿಂದ ತಿಪ್ಪೆಯೂ ಇಲ್ಲ. ಆ ಹುಳಿ ಹಣ್ಣಿನ ಬೀಜ ಕೆಲವು ವರ್ಷ ಎರಡೂ ಊರುಗಳಲ್ಲಿ ಓಡಾಡಿಕೊಂಡಿತ್ತು. ಆಮೇಲೆ ಒಂದು ವರ್ಷ ಎಲೆಮುದುರು ರೋಗ ಬಂದು ಇಲ್ಲಿಯದು ಹೋಯಿತು. ಅಲ್ಲಿಯದು ಯಾವಾಗ ಹೋಯಿತೆಂದು ಯಾರಿಗೂ ನೆನಪಿಲ್ಲ. ಅಜ್ಜಿ ಹೋಗಿಯೂ ಬಹಳ ಕಾಲವಾಯಿತು.

ಹೋದ ತಿಂಗಳು ಚಿಕ್ಕಮ್ಮ ಬಂದಿದ್ದಳು. ತಲೆ ನರೆತಿದೆ, ಈಗ ಅವಳ ಮಾತು ನಿಲ್ಲಿಸುವುದೇ ಕಷ್ಟ. ತಾರಸಿಗೆ ಕರೆದುಕೊಂಡು ಹೋಗಿ, ಹಿಂಡಿ ನೀರು ಮಾಡಬೇಕೆಂದಿದ್ದೇನೆ, ಯಾವಾಗ ಹಾಕುವುದು, ಎಷ್ಟು ತೆಳ್ಳಗೆ ಮಾಡುವುದು ಹೇಳು ಎಂದೆ.

"ಮಾಡೋದು ನಂಗೊತ್ತು ಪಾಪಾ" ಎಂದಳು. "ಯಾವಾಗ, ಎಷ್ಟು ಅನ್ನೋದೆಲ್ಲ ನಿಮ್ಮಜ್ಜಿನೇ ಗಿಡ ನೋಡಿ ಹೇಳ್ತಿದ್ರು. ಅದನ್ನ ನಾನು ಯಾವತ್ತೂ ಕಲೀಲೇ ಇಲ್ಲ. ಅವರಿದ್ರಲ್ಲ."

ಅಜ್ಜಿಯನ್ನು ಕೇಳಿದ್ದರೆ, ಹಿಂಡಿ ಕೊಳೆಸುವುದು ನಿಮ್ಮ ಚಿಕ್ಕಮ್ಮನಿಗೇ ಗೊತ್ತು ಎನ್ನುತ್ತಿದ್ದಳು. ಆ ವಿದ್ಯೆ ಇಬ್ಬರಲ್ಲಿ ಯಾರೊಬ್ಬರ ಹತ್ತಿರವೂ ಪೂರ್ತಿ ಇರಲಿಲ್ಲ.

ಆದರೂ ಚಿಕ್ಕಮ್ಮ ಬಗ್ಗಿ ಒಂದು ಗಿಡದ ಎಲೆಯನ್ನು ಮಗುಚಿದಳು. ಬೆರಳಿನಿಂದ ಸವರಿದಳು. ಆಮೇಲೆ, ಕೇಳಲೆಂದು ಬಾಯಿ ತೆರೆದು, ಪಕ್ಕಕ್ಕೆ ತಿರುಗಿದಳು. ಅಲ್ಲಿ ನಾನೊಬ್ಬಳೇ ಇದ್ದೆ.